ಅಪ್ಪನ ಹಾರ್ಮೋನಿಯಂ, ನನ್ನ ತ್ರಿಕೋನ

ಅಪ್ಪ ಮಳವಳ್ಳಿ ಸುತ್ತಮುತ್ತ ಊರೂರಿಗೆ ಹೋಗಿ 'ಕುರುಕ್ಷೇತ್ರ' ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಆದರೆ ನಾನು ಪೆಟ್ಟಿಗೆ ಮುಟ್ಟಿದರೆ ಸಿಡುಕುತ್ತಿದ್ದರು. "ಇದು ಹೊಟ್ಟೆ ತುಂಬ್ಸಲ್ಲ, ಹೋಗಿ ಲೆಕ್ಕ ಮಾಡ್ಲಾ." ಮಾಡಿದೆ. ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಕೋಡ್ ಬರೆಯೋಕೆ ಕೂತೆ.

ಮೂವತ್ತಾದ ಮೇಲೆ ಆಸೆ ತಡೆಯದೆ ಒಂದು ಕೀಬೋರ್ಡ್ ತಗೊಂಡೆ. ಸಿನಿಮಾ ಹಾಡುಗಳ ಕಾರ್ಡ್‌ಗಳು ತಲೆಗೇ ಹತ್ತುತ್ತಿರಲಿಲ್ಲ. ಆಗ ಸಿಕ್ಕಿದ್ದು ಗಡಿಯಾರದ ಉಪಾಯ. ಹನ್ನೆರಡು ಸ್ವರಸ್ಥಾನ, ಹನ್ನೆರಡು ಗಂಟೆ. ಷಡ್ಜವನ್ನು 12ಕ್ಕೆ ಇಡಿ. ಅಂತರ ಗಾಂಧಾರ 4ಕ್ಕೆ, ಪಂಚಮ 7ಕ್ಕೆ ಬರುತ್ತೆ. ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ. ಅದೇ ಮೇಜರ್ ಕಾರ್ಡ್. ಈಗ 7ರ ಚುಕ್ಕಿಯನ್ನು ಮಾತ್ರ 9ಕ್ಕೆ ಸರಿಸಿ. ಮೈನರ್ ಕಾರ್ಡ್! ಎರಡು ಮೂಲೆ ಕದಲಲೇ ಇಲ್ಲ. ತ್ರಿಕೋನ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಂಡಿತು, ಅಷ್ಟೆ. ಕುಣಿಯುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಎದೆ ಭಾರ ಮಾಡಿದರೂ ಕಿವಿಗೆ ಎಡವಿದಂತೆ ಅನಿಸದಿರೋದು ಇದಕ್ಕೇ. ಗಣಿತಜ್ಞ ಆಯ್ಲರ್ 1739ರಲ್ಲೇ ಸ್ವರಗಳ ನಂಟನ್ನು ಚಿತ್ರ ಬರೆದು ತೋರಿಸಿದ್ದ.

ಕಳೆದ ಹಬ್ಬಕ್ಕೆ ಮದ್ದೂರಲ್ಲಿ ರೈಲಿಳಿದು, ವಡೆ ಕಟ್ಟಿಸಿಕೊಂಡು, ಮಳವಳ್ಳಿ ಬಸ್ ಹತ್ತಿದೆ. ಊಟ ಆದ ಮೇಲೆ ಅಪ್ಪನ ಮುಂದೆ ಹಾಳೆ ಇಟ್ಟೆ. "ಶ್ರುತಿ ಬದಲಾದ್ರೆ ಕರಿ ಮನೆ, ಬಿಳಿ ಮನೆ ಎಲ್ಲಾ ಅದಲು ಬದಲಾಗಿ ಬೆರಳು ತಡಕಾಡುತ್ತೆ ಅಲ್ವಾ? ಗಡಿಯಾರದಲ್ಲಿ ಹಾಗಿಲ್ಲ ಅಪ್ಪ. ಅದೇ ತ್ರಿಕೋನ, ತಿರುಗಿಸಿದ್ರೆ ಸಾಕು."

ಅಪ್ಪ ಕನ್ನಡಕ ಏರಿಸಿ, ಹಾಳೆಯನ್ನೇ ಸುತ್ತ ತಿರುಗಿಸಿ ನೋಡಿದರು.

"ಕೃಷ್ಣನ ಪಾರ್ಟಿನವ್ನದು ಒಂದು ಶ್ರುತಿ, ಭೀಮನ್ದು ಇನ್ನೊಂದು. ಒಂದೇ ರಾತ್ರೀಲಿ ಎಷ್ಟು ಕಿತ ಬದ್ಲಾಯಿಸ್ತಿದ್ದೆ ಗೊತ್ತೇನ್ಲಾ? ಇದ್ನೇ ಕಣ್ಲಾ ನಾನು ತಲೇಲಿ ತಿರುಗಿಸ್ತಿದ್ದದ್ದು."

ನಾನು ಹಾಳೆ ಮೇಲೆ ಕಂಡುಕೊಂಡ ಲೆಕ್ಕವನ್ನು ಅವರು ಪೆಟ್ರೋಮ್ಯಾಕ್ಸ್ ಕಾಲದಿಂದ, ಬೆಳಗಿನ ಜಾವದವರೆಗೆ ಕೂತು ಮಾಡಿದ್ದರು. ನನ್ನ ಕಾಲೇಜು ಫೀಸು ಕಟ್ಟಿದ್ದೂ ಅದೇ ಪೆಟ್ಟಿಗೆ.

"ಹೊಟ್ಟೆ ತುಂಬ್ಸಲ್ಲ ಅಂತಿದ್ರಲ್ಲಪ್ಪ" ಅಂದೆ.

ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಟ್ಟದ ಕಡೆ ಕೈ ತೋರಿಸಿದರು. ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಅವರ ಮುಂದಿಟ್ಟೆ. ಅವರು ಅದನ್ನು ನನ್ನ ಕಡೆಗೆ ತಳ್ಳಿದರು.

"ಕೂತ್ಕೊ. ತ್ರಿಕೋನ ಆಮೇಲೆ. ಮೊದ್ಲು ತಿದಿ ಒತ್ತೋದು ಕಲಿ."