ನಮ್ಮನೆ ಕಂಪ್ಯೂಟರಿನ ಕರಕರ

ನಿಮ್ಮ ಮನೆಯಲ್ಲೂ ಒಂದು ಹಳೇ ಕಂಪ್ಯೂಟರ್ ಇದೆಯೇ? ಮಕ್ಕಳ ಓದಿಗೆಂದು ತಂದು, ಮಕ್ಕಳು ಓದಿ ಊರು ಬಿಟ್ಟ ಮೇಲೆ, ಕಸೂತಿ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿರುವಂಥದ್ದು? ಇದ್ದರೆ ಒಲೆ ಮೇಲಿನದನ್ನು ಇಳಿಸಿಟ್ಟು ಬಂದು ಇದನ್ನು ಓದಿ. ಐದು ನಿಮಿಷದ ಮಾತು.

ನಮ್ಮದು 2012ರಲ್ಲಿ ಕೊಂಡದ್ದು. ಮಗ ಆಗ ಐದನೇ ಕ್ಲಾಸು. ಈಗ ಅವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಪೆಟ್ಟಿಗೆ ಸಾಗರದಲ್ಲಿ ನನ್ನ ಪಾಲಿಗೆ ಉಳಿದಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ಆದರೂ ಮಗನ ಹತ್ತಿರ ಬೈಸಿಕೊಂಡು ನುಡಿಯಲ್ಲಿ ಟೈಪ್ ಮಾಡಲು ಕಲಿತೆ. ನಮ್ಮ ಸಂಘದ ಹಪ್ಪಳದ ಲೆಕ್ಕ ಅದರಲ್ಲೇ ಇದೆ. ಅದಕ್ಕಿಂತ ಹೆಚ್ಚಿನದು ನಮ್ಮತ್ತೆಯ ಹಾಡುಗಳು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು, ಹೀಗೆ ನಲವತ್ತೊಂದು. 2016ರ ಬೇಸಿಗೆಯಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ, ಮಗನ ಮೊಬೈಲಿನಲ್ಲಿ ಹಾಡಿಸಿ, ಕಂಪ್ಯೂಟರಿಗೆ ಹಾಕಿಟ್ಟಿದ್ದೆವು. ಅತ್ತೆ 2019ರಲ್ಲಿ ತೀರಿಕೊಂಡರು. ಆ ಮೊಬೈಲೂ ಎಂದೋ ಕೆಟ್ಟುಹೋಯಿತು.

2024ರ ಮಳೆಗಾಲದಲ್ಲಿ ಶುರುವಾಯಿತು ನೋಡಿ ಕರಕರ ಸದ್ದು. ನಮ್ಮ ಯಜಮಾನರು, "ಅಟ್ಟದ ಮೇಲೆ ಇಲಿ ಸೇರ್ಕೊಂಡಿದೆ ಕಣೇ" ಅಂತ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿಟ್ಟರು. ಎರಡು ದಿನವಾದರೂ ಇಲಿ ಬೀಳಲಿಲ್ಲ. ಆಮೇಲೆ ಗೊತ್ತಾಯಿತು, ಸದ್ದು ಬರುತ್ತಿದ್ದದ್ದು ಕಂಪ್ಯೂಟರಿನ ಪೆಟ್ಟಿಗೆಯಿಂದ! ಅದರ ಮುಂದೆ ಒಂದು ಪುಟ್ಟ ಕೆಂಪು ದೀಪ ಇರುತ್ತಲ್ಲ, ಅದು ಮಿಣಮಿಣ ಅಂತ ಒಂದೇ ಸಮ ಉರಿಯುತ್ತಿತ್ತು. ನಾನು ಏನೂ ಮಾಡದೆ ಸುಮ್ಮನೆ ಕೂತರೂ ಅಷ್ಟೇ. ಒಂದು ಫೈಲು ತೆರೆಯಬೇಕೆಂದರೆ ಅಕ್ಕಿ ತೊಳೆದು ಕುಕ್ಕರ್ ಇಟ್ಟು ಬರಬಹುದು, ಅಷ್ಟು ಹೊತ್ತು.

ಪೇಟೆಯ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗತ್ತೆ ಆಂಟಿ, ತಂದ್ಕೊಡಿ, ಸಂಜೆಗೆ ರೆಡಿ" ಅಂದ ಹುಡುಗ. ಒಳಗೆ ಏನಿದೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫಾರ್ಮ್ಯಾಟ್ ಎಂದರೆ ಪಾತ್ರೆ ತಿಕ್ಕಿದ ಹಾಗೆ ಏನೋ ಒಂದು ಅಂದುಕೊಂಡಿದ್ದೆ. ಇವರು ವೈರು ಬಿಚ್ಚಲು ಹೊರಟಾಗ ಮಗನ ಫೋನ್ ಬಂತು. ವಿಷಯ ಕೇಳಿದವನೇ, "ಅಮ್ಮಾ, ಅಜ್ಜಿ ಹಾಡೆಲ್ಲ ಎಲ್ಲಿಟ್ಟಿದ್ದೀಯಾ?" ಅಂದ. ನನ್ನ ಕೈಕಾಲು ತಣ್ಣಗಾಯಿತು.

"ವೈರು ಮುಟ್ಬೇಡಿ ಅನ್ನು ಅಪ್ಪನಿಗೆ. ರಿಪೇರಿ ಆಮೇಲೆ. ಮೊದಲು ಹಾಡೆಲ್ಲ ಪೆನ್ ಡ್ರೈವಿಗೆ ಹಾಕ್ಕೋ" ಅಂದ. ಈ ಮಾತನ್ನು ನೀವೂ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ. ಸದ್ದು ಯಾಕೆ ಅಂತ ಹುಡುಕುವುದು, ಒಳಗಿನ ಕಡತ ಜೋಡಿಸುವುದು, ಡಿಸ್ಕಿನ ದೋಷ ತಿದ್ದುವುದು, ಎಲ್ಲ ಆಮೇಲೆ. ಸಾಯುತ್ತಿರುವ ಡಿಸ್ಕಿಗೆ ಅಂಥ ಕೆಲಸ ಹಚ್ಚಿದರೆ ಇದ್ದ ಜೀವವೂ ಹೋಗಬಹುದಂತೆ.

ಮೂವತ್ತೆಂಟು ಹಾಡು ಸಲೀಸಾಗಿ ಬಂದವು. ಮುಂದಿನದಕ್ಕೆ ನಿಂತಿತು. ಆಗ ಕರಕರ ಇಲ್ಲ, ಟಕ್... ಟಕ್... ಅಂತ ಬೇರೆಯೇ ಸದ್ದು. ಈ ಎರಡು ಸದ್ದಿನ ಬೇಧ ತಿಳಿದಿರಲಿ. ಕರಕರ ಎಂದರೆ ಬಹುಮಟ್ಟಿಗೆ ದುಡಿಮೆಯ ಸದ್ದು. ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿದರೆ ಒಳಗೆ ಪೆಟ್ಟಾಗಿದೆ ಎಂದೇ ತಿಳಿಯಿರಿ. ನಮ್ಮ ಮಲೆನಾಡಿನ ಮಳೆಯಲ್ಲಿ ಕರೆಂಟು ಹೇಗೆ ಹೋಗಿ ಬರುತ್ತದೆಂದು ನಿಮಗೆ ಗೊತ್ತಲ್ಲ. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು, ನಾನೇ ದುಡ್ಡು ಉಳಿಸಲು ಹೋಗಿ ಹಾಗೇ ಬಿಟ್ಟಿದ್ದೆ. ಕೆಲಸದ ನಡುವೆ ಹೀಗೆ ಕರೆಂಟು ಕಡಿದುಹೋಗುವುದು ಡಿಸ್ಕಿಗೆ ಒಳ್ಳೆಯದಲ್ಲವಂತೆ. ಉಳಿದ ಮೂರು ಹಾಡುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಕೊಂಡ ಮೇಲೆ ಬಂದವು. ಒಂದು ಬರಲೇ ಇಲ್ಲ. ಬಾಗಿಲು ತಡೆಯುವ ಹಾಡು ಅದು.

ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಮಗ ಫೋನಿನಲ್ಲೇ ಪಾಠ ಹೇಳಿದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಅಂತ ಒಂದು ಪಟ್ಟಿ ಬರುತ್ತದೆ. ಪುಟ್ಟದಾಗಿ ಬಂದರೆ ಕೆಳಗೆ 'ಮೋರ್ ಡೀಟೇಲ್ಸ್' ಒತ್ತಬೇಕು. ಅದರಲ್ಲಿ ಡಿಸ್ಕ್ ಎಂಬ ಕಲಮು. ನಮ್ಮದರಲ್ಲಿ ನೂರಕ್ಕೆ ನೂರು ತೋರಿಸುತ್ತಿತ್ತು! ಆ ತಲೆಬರಹದ ಮೇಲೆ ಒತ್ತಿದರೆ ಹೆಚ್ಚು ಓಡಾಡುತ್ತಿರುವವರ ಹೆಸರು ಮೇಲೆ ಬರುತ್ತದೆ. ವೈರಸ್ ಕಾಯುವವರು ಇಬ್ಬರಿದ್ದರು, ಅಂಗಡಿಯವರು ಹಾಕಿದ್ದೊಂದು, ಮಗ ಹಿಂದೆಂದೋ ಹಾಕಿದ್ದೊಂದು. ಇಬ್ಬರೂ ಅದೇ ಕಡತಗಳನ್ನು ತಿರುವಿಹಾಕುತ್ತಿದ್ದರು. ಒಂದೇ ಅಡುಗೆಮನೆಗೆ ಇಬ್ಬರು ಅಡುಗೆಯವರು! ಒಬ್ಬರನ್ನು ಕಳಿಸಿದೆವು. ಪೆಟ್ಟಿಗೆ ಹಚ್ಚಿದ ಕೂಡಲೇ ತಾವಾಗಿಯೇ ಏಳುವ ಏಳೆಂಟು ಪ್ರೋಗ್ರಾಂಗಳನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿದೆವು. ಸದ್ದು ಅರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ.

ನಿಜವಾದ ಕಾರಣ ಪಕ್ಕದ ಕಲಮಿನಲ್ಲಿತ್ತು. ಮೆಮೊರಿ, 94. ಇದನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಮೆಮೊರಿ ಎಂದರೆ ಅಡುಗೆ ಕಟ್ಟೆ. ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಕಟ್ಟೆ ದೊಡ್ಡದಿದ್ದರೆ ಬೇಕಾದ ಡಬ್ಬಿಗಳನ್ನೆಲ್ಲ ಒಮ್ಮೆ ತಂದಿಟ್ಟುಕೊಂಡು ಅಡುಗೆ ಮುಗಿಸಬಹುದು. ಚಿಕ್ಕದಿದ್ದರೆ? ಸಾಸಿವೆ ಡಬ್ಬಿ ಒಳಗಿಟ್ಟು ಅರಿಶಿನ ತರಬೇಕು, ಅರಿಶಿನ ಒಳಗಿಟ್ಟು ಮತ್ತೆ ಸಾಸಿವೆ ತರಬೇಕು. ದಿನವಿಡೀ ಓಡಾಟವೇ ಆಯಿತು. ನಮ್ಮ ಪೆಟ್ಟಿಗೆಯ ಕಟ್ಟೆ 2012ರದ್ದು, ಬರೀ 2 ಜಿಬಿ. ವಿಂಡೋಸ್ 7ಕ್ಕೆ ಹೇಗೋ ಸಾಲುತ್ತಿತ್ತು. 2020ರ ಜನವರಿಯಲ್ಲಿ ಅದಕ್ಕೆ ಕಂಪನಿಯ ಬೆಂಬಲ ನಿಂತಿತೆಂದು ಅಂಗಡಿಯವರು ವಿಂಡೋಸ್ 10 ಹಾಕಿಕೊಟ್ಟರು. ದೊಡ್ಡ ಮನೆತನದ ಸೊಸೆ ಬಂದಳು, ಅಡುಗೆ ಕಟ್ಟೆ ಮಾತ್ರ ಅಷ್ಟೇ ಉಳಿಯಿತು! ಉಗ್ರಾಣದ ಒಳಗೋ, ತಟ್ಟೆಯೊಂದು ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ. ಸೂಜಿಯಂಥ ಒಂದು ತೋಳು ಅದರ ಮೇಲೆ ಆಚೆ ಈಚೆ ಓಡಿ ಓದುತ್ತದೆ. ಆ ತೋಳಿನ ಓಡಾಟವೇ ನಮ್ಮ ಇಲಿ.

ಮಗ ದೀಪಾವಳಿಗೆ ಬಂದಾಗ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿ ನೋಡಿದ. ಹಳದಿ ಬಣ್ಣದಲ್ಲಿ 'ಕಾಷನ್' ಎಂದು ತೋರಿಸಿತು. ಡಿಸ್ಕಿನಲ್ಲಿ ಕೆಟ್ಟ ಜಾಗಗಳು ಹುಟ್ಟಿಕೊಂಡಿವೆ, ನಂಬಬೇಡಿ ಎಂದರ್ಥ. 4 ಜಿಬಿಯ ಹಳೇ ಮೆಮೊರಿ ಪಟ್ಟಿಯೊಂದನ್ನು ಸಿಕ್ಕಿಸಿ, ಡಿಸ್ಕ್ ತೆಗೆದು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹಾಕಿದ. ಎರಡಕ್ಕೂ ಸೇರಿ ಎರಡೂವರೆ ಸಾವಿರದೊಳಗೆ ಆಯಿತು. ಹೊಸ ಕಂಪ್ಯೂಟರ್ ಕೊಳ್ಳಲು ಇವರು ಸೊಸೈಟಿಯಲ್ಲಿ ಸಾಲ ಕೇಳಿ ಬಂದಿದ್ದರು! ಈಗ ಪೆಟ್ಟಿಗೆ ಹಚ್ಚಿದ್ದೀನೋ ಇಲ್ಲವೋ ಎಂದು ಇವರು ಬಗ್ಗಿ ದೀಪ ನೋಡಬೇಕು, ಅಷ್ಟು ಮೌನ. ಆದರೆ ಈ ಹೊಸದು ಕೆಡುವಾಗ ಸದ್ದೂ ಮಾಡದಿರಬಹುದಂತೆ. ಹಾಗಾಗಿ ಹಾಡುಗಳು ಪೆನ್ ಡ್ರೈವಿನಲ್ಲಿ ಒಂದು, ಮಗನ ಹತ್ತಿರ ಒಂದು. ವಿಂಡೋಸ್ 10ರ ಮಾಮೂಲು ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಆದ್ದರಿಂದ ಬ್ಯಾಂಕಿನ ವ್ಯವಹಾರ ಅದರಲ್ಲಿ ಮಾಡುವುದಿಲ್ಲ. ಲೆಕ್ಕಕ್ಕೆ, ಹಾಡಿಗೆ ಧಾರಾಳ ಸಾಕು.

ಕಳೆದುಹೋದ ಹಾಡಿಗಾಗಿ ಸೊರಬದಲ್ಲಿರುವ ಅತ್ತೆಯ ತಂಗಿಯ ಹತ್ತಿರ ಹೋಗಿದ್ದೆ. ಹಾಡಿದರು, ರಾಗ ಅದೇ. ನಡುವಿನ ಎರಡು ಸಾಲು ಮಾತ್ರ ಅವರಿಗೂ ಮರೆತಿದೆ. "ಅಕ್ಕನಿಗೆ ಗೊತ್ತಿತ್ತು ಕಣೇ" ಅಂದರು. ನೋಟ್‌ಬುಕ್ಕಿನಲ್ಲಿ ಆ ಎರಡು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.

ಹಳೇ ಡಿಸ್ಕನ್ನು ಗುಜರಿಗೆ ಹಾಕಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಟ್ಟಿದ್ದೇನೆ. ಕೆಟ್ಟ ಡಿಸ್ಕಿನಿಂದಲೂ ಫೈಲು ತೆಗೆದುಕೊಡುವವರು ಬೆಂಗಳೂರಿನಲ್ಲಿ ಇದ್ದಾರಂತೆ, ಸಾವಿರಗಟ್ಟಲೆ ಕೇಳುತ್ತಾರಂತೆ, ಸಿಗುವ ಭರವಸೆಯೂ ಇಲ್ಲವಂತೆ. ಇವರು "ಹುಚ್ಚು ನಿಂಗೆ" ಅಂತಾರೆ. ಹಪ್ಪಳದ ದುಡ್ಡಿನಲ್ಲಿ ತಿಂಗಳಿಗಿಷ್ಟು ಅಂತ ಅಕ್ಕಿ ಡಬ್ಬದಲ್ಲಿ ಹಾಕುತ್ತಾ ಬಂದಿದ್ದೇನೆ.