ಪೆಟ್ಟಿಗೆಯ ಸ್ಥಾನ

ಅಮೆರಿಕೆಯ ಬಡಗಿಗೆ ಪಿಕಪ್ ಟ್ರಕ್ಕು ವಾಹನವೂ ಹೌದು, ಅಂಗಡಿಯೂ ಹೌದು. 1925ರಲ್ಲಿ ಫೋರ್ಡ್ ಕಂಪೆನಿಯು ತನ್ನ ಮಾಡೆಲ್ ಟಿ ಕಾರಿಗೆ ಹಿಂದೊಂದು ತೆರೆದ ತೊಟ್ಟಿಯನ್ನು ಕೂಡಿಸಿ 281 ಡಾಲರಿಗೆ ಮಾರತೊಡಗಿದಂದೇ, ಅದರಲ್ಲಿ ಉಪಕರಣದ ಪೆಟ್ಟಿಗೆಯನ್ನು ಎಲ್ಲಿಡುವುದೆಂಬ ಚಿಂತೆಯೂ ಹುಟ್ಟಿತೆನ್ನಬೇಕು.

ಚಾಲಕನ ಬೆನ್ನ ಹಿಂದೆ, ತೊಟ್ಟಿಯ ಎರಡು ಅಂಚುಗಳ ಮೇಲೆ ಸೇತುವೆಯಂತೆ ಅಡ್ಡಲಾಗಿ ಕೂರುವ ಪೆಟ್ಟಿಗೆಯು ಅಲ್ಲಿ ಬಹು ಬಳಕೆಯದು. ಇಷ್ಟು ಭಾರದ ಪೆಟ್ಟಿಗೆ ತಾನೇ ಎಲ್ಲಿಗೆ ಹೋದೀತು ಎಂದುಕೊಳ್ಳುವವರುಂಟು. ಗಂಟೆಗೆ 60 ಮೈಲಿ ವೇಗದಲ್ಲಿ ಓಡುವ ಟ್ರಕ್ಕು ಥಟ್ಟನೆ ನಿಂತಾಗ, ನಿಲ್ಲಬೇಕೆಂಬ ಸುದ್ದಿ ಪೆಟ್ಟಿಗೆಗೆ ಮುಟ್ಟಿರುವುದಿಲ್ಲ. ಅದು ಮುಂದಕ್ಕೆ ನುಗ್ಗುತ್ತದೆ. ಮುಂದಿರುವುದು ಗಾಜು. ಗಾಜಿನಾಚೆ ಬಡಗಿಯ ತಲೆ!

ತೂತು ಕೊರೆಯದೆ ಬಿಗಿಯುವ ಉಪಾಯವೊಂದುಂಟು: ಮೀನಿನ ಗಾಳದಂತೆ ಬಾಗಿದ ಜೆ ಬೋಲ್ಟು. ಪೆಟ್ಟಿಗೆಯ ತಳದಿಂದಿಳಿದು ಅಂಚಿನ ಕೆಳತುಟಿಯನ್ನು ಕಚ್ಚುವ ಇದನ್ನು ನಟ್ಟಿನಿಂದ ಎಳೆದು ಬಿಗಿಯಬೇಕು. ನಡುವೆ ರಬ್ಬರಿನ ಪಟ್ಟಿ ಇರಲೇಬೇಕು. ಇಲ್ಲವಾದರೆ ಬಣ್ಣ ಉಜ್ಜಿಹೋಗಿ ಉಕ್ಕು ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಮ್ ಪೆಟ್ಟಿಗೆಯು ಬರಿಯ ಉಕ್ಕಿಗೆ ತಾಗಿ, ಮೇಲೆ ಉಪ್ಪುನೀರು ಬಿದ್ದರಂತೂ (ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪೆರಚುತ್ತಾರೆ) ಅಲ್ಯೂಮಿನಿಯಮ್ಮೇ ಮೊದಲು ಸವೆಯುವುದು.

ರಬ್ಬರು ಅದುಮಿಕೊಂಡಂತೆಲ್ಲ ಬಿಗಿ ಸಡಿಲುತ್ತದೆ. ಆದುದರಿಂದ ನೂರಾರು ಮೈಲಿ ಓಡಿದ ಮೇಲೆ ಜಾಣ ಬಡಗಿಯು ಟ್ರಕ್ಕು ನಿಲ್ಲಿಸಿ, ಸ್ಪ್ಯಾನರು ಹಿಡಿದು, ನಟ್ಟುಗಳನ್ನು ಇನ್ನಷ್ಟು ತಿರುಗಿಸುತ್ತಾನೆ. ಆ ಸ್ಪ್ಯಾನರು ಇರುವುದೂ ಅದೇ ಪೆಟ್ಟಿಗೆಯೊಳಗೆ.