ಇಳಿಜಾರಿನ ಊರು

ಬೆಂಗಳೂರು ಸಮತಟ್ಟಾದ ಊರು ಎಂದು ನಂಬಿಕೊಂಡವರೆಲ್ಲ ಸಾಮಾನ್ಯವಾಗಿ ಸ್ಕೂಟರಿನಲ್ಲಿ ಓಡಾಡುವವರು. ಬೆಳಗಿನ ಐದೂವರೆಗೆ ಎದ್ದು ಬಸವನಗುಡಿಯಲ್ಲಿ ಎರಡು ತಿಂಗಳು ಓಡಿ ನೋಡಿ. ಇದು ಬರೀ ಏರು-ಇಳಿವುಗಳ ಊರು ಎಂದು ನಿಮ್ಮ ಮೀನಖಂಡಗಳೇ ಹೇಳುತ್ತವೆ. ಚಾಮರಾಜಪೇಟೆಯ ಕಡೆಯಿಂದ ದೊಡ್ಡ ಬಸವಣ್ಣನ ಗುಡಿಗೆ ಬರುವ ರಸ್ತೆ ಸದ್ದಿಲ್ಲದೆ ಏರುತ್ತದೆ. ಗವೀಪುರದ ಗಲ್ಲಿಗಳು ಕೆಂಪಾಂಬುಧಿಯ ಕಡೆಗೆ ಜಾರುತ್ತವೆ. ವಾಹನದಲ್ಲಿ ಹೋಗುವಾಗ ಇದನ್ನು ಇಂಜಿನ್ ನುಂಗಿಬಿಡುತ್ತದೆ. ಓಡುವವಳಿಗೆ ಆ ಸವಲತ್ತಿಲ್ಲ.

ನನ್ನ ಓಟ ದೊಡ್ಡ ಸಾಧನೆಯೇನಲ್ಲ. ನಲವತ್ತು ದಾಟಿದ ಮೇಲೆ ಶುರು ಮಾಡಿದ್ದು. ಮೂರು ದಾರಿಗಳಿವೆ. ಮೊದಲನೆಯದು ಗವೀಪುರದಿಂದ ಬ್ಯೂಗಲ್ ರಾಕ್ ಹತ್ತಿ, ಗಾಂಧಿ ಬಜಾರಿನಲ್ಲಿ ಹೂವಿನವರು ಮೂಟೆ ಬಿಚ್ಚುವ ಹೊತ್ತಿಗೆ ಅವರನ್ನು ದಾಟಿ ಲಾಲ್‌ಬಾಗಿಗೆ. ಎರಡನೆಯದು ಕೆಂಪಾಂಬುಧಿ ಕೆರೆಯ ಸುತ್ತು. ಮೂರನೆಯದು ಭಾನುವಾರದ್ದು: ಬೆಳಗಿನ ಮೊದಲ ಬಸ್ಸು ಹಿಡಿದು ಮಲ್ಲೇಶ್ವರಕ್ಕೆ ಹೋಗಿ, ಸ್ಯಾಂಕಿ ಕೆರೆಯ ಏರಿಯ ಮೇಲೆ ಓಡಿ, ಇಡ್ಲಿ ತಿಂದು ಬರುವುದು. ಮೂರರಲ್ಲಿ ಕಷ್ಟದ್ದು ಇದೇ. ಇಡ್ಲಿಯ ನಂತರ ಬಸ್ ಸ್ಟಾಪಿನವರೆಗೂ ನಡೆಯಲು ಮನಸ್ಸು ಬರುವುದಿಲ್ಲ.

ಈ ದಾರಿಗಳಲ್ಲಿ ಮರಗಳಿಗೆ ಕೊರತೆಯಿಲ್ಲ. ಬ್ಯೂಗಲ್ ರಾಕ್‌ನ ಮರಗಳಲ್ಲಿ ತೊಗಲು ಬಾವಲಿಗಳು ರಾತ್ರಿಪಾಳಿ ಮುಗಿಸಿ ಬಂದು ಜೋತುಬೀಳುವುದನ್ನು ನೋಡುತ್ತಾ ಓಡಬಹುದು. ಹೊಸಬರು ಇದನ್ನು ಊರಿನೊಳಗೆ ಉಳಿದುಕೊಂಡ ಕಾಡು ಎಂದುಕೊಳ್ಳುತ್ತಾರೆ. ಬಸವನಗುಡಿಯ ಮಟ್ಟಿಗೆ ಕಥೆ ಉಲ್ಟಾ. ಇಲ್ಲಿದ್ದದ್ದು ಸುಂಕೇನಹಳ್ಳಿ, ಗವೀಪುರ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳು. ಬೆಳೆ ಕಡಲೆಕಾಯಿ. ಆ ಬೆಳೆಯನ್ನು ಮೇಯುತ್ತಿದ್ದ ಬಸವನಿಗೆ ಮೊದಲ ಫಲ ಒಪ್ಪಿಸುವ ನೆಪದಲ್ಲೇ ಕಾರ್ತಿಕದ ಕೊನೆಯ ಸೋಮವಾರ ಇವತ್ತಿಗೂ ಪರಿಷೆ ನಡೆಯುವುದು. 1898ರ ಪ್ಲೇಗು ಪೇಟೆಯ ಜನರನ್ನು ಹೊರಕ್ಕೆ ದಬ್ಬಿದಾಗ ಇಲ್ಲಿ ಬಡಾವಣೆ ಎದ್ದಿತು, ಜೊತೆಗೆ ಸಾಲುಮರಗಳೂ ಎದ್ದವು. ಅಂದರೆ ನಮ್ಮ ಬೀದಿಯ ನೆರಳು ಯಾರೋ ನೆಟ್ಟು, ನೀರೆರೆದು, ಮತ್ಯಾರಿಗೋ ಬಿಟ್ಟುಹೋದದ್ದು. ಅದೇ ಪ್ಲೇಗಿನ ಕೂಸಾದ ಮಲ್ಲೇಶ್ವರದಲ್ಲಿ ಮಾತ್ರ ಹೆಸರಿನಲ್ಲೇ ಕಾಡಿದೆ. ಕಾಡು ಮಲ್ಲೇಶ್ವರನ ಗುಡಿ 17ನೆಯ ಶತಮಾನದ್ದು. ದೇವರು ಕಾಡನ್ನು ಹೆಸರಿನಲ್ಲಿ ಉಳಿಸಿಕೊಂಡ, ಬಡಾವಣೆ ದೇವರ ಹೆಸರಷ್ಟನ್ನೇ ಇಟ್ಟುಕೊಂಡಿತು.

ನೀರಿನ ವಿಷಯ ಇನ್ನೂ ಸೋಜಿಗದ್ದು. ಬೆಂಗಳೂರು ನಿಂತಿರುವುದು ಒಂದು ದಿಣ್ಣೆಯ ಮೇಲೆ. ಬ್ಯೂಗಲ್ ರಾಕ್‌ನ ಪಡುವಣ ಮಗ್ಗುಲಿಗೆ ಬಿದ್ದ ಮಳೆ ವೃಷಭಾವತಿಯ ಪಾಲು. ಬಸವಣ್ಣನ ಪಾದದಲ್ಲಿ ಹುಟ್ಟಿದಳು ಎಂಬ ಪ್ರತೀತಿಯ ಆ ಹೊಳೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಲಾಲ್‌ಬಾಗಿನ ಮೇಲೆ ಬಿದ್ದ ಮಳೆಯಾದರೋ ಕೋರಮಂಗಲದ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ನನ್ನ ಮೊದಲ ದಾರಿ ನಡುವಿನಲ್ಲೆಲ್ಲೋ ಈ ಎರಡು ನದಿಗಳ ಗಡಿಯನ್ನು ದಾಟುತ್ತದೆ. ಯಾವ ಫಲಕವೂ ಇಲ್ಲ. ಉಸಿರು ಸ್ವಲ್ಪ ಹಗುರಾದಾಗ ‘ಸರಿ, ಪಿನಾಕಿನಿಯ ಸೀಮೆಗೆ ಬಂದೆ’ ಎಂದುಕೊಳ್ಳುತ್ತೇನೆ. ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಬಳಿ ನಿಂತರೆ ಕಾಲಡಿಗೆ ಸುಮಾರು 300 ಕೋಟಿ ವರ್ಷದ ಕಲ್ಲು. ಅಲ್ಲಿ ನಿಂತು ಮಂಡಿನೋವಿನ ಬಗ್ಗೆ ದೂರು ಹೇಳಲು ಸಂಕೋಚವಾಗುತ್ತದೆ.

ಕೆರೆ ಕಟ್ಟಿದವರಿಗೆ ಈ ಇಳಿಜಾರು ಚೆನ್ನಾಗಿ ಗೊತ್ತಿತ್ತು. ಕೆಂಪಾಂಬುಧಿ, ಧರ್ಮಾಂಬುಧಿಗಳನ್ನು ಕಟ್ಟಿದ ಕಾಲದವರು ನೀರು ಎಲ್ಲಿ ನಿಲ್ಲಲು ಇಷ್ಟಪಡುತ್ತದೆ ಎಂದು ನೋಡಿ ಅಲ್ಲೇ ಏರಿ ಹಾಕಿದರು. 1882ರಲ್ಲಿ ಸ್ಯಾಂಕಿ ಮಾಡಿದ್ದೂ ಅದನ್ನೇ. ಸುಮಾರು 37 ಎಕರೆಯ ಆ ಕೆರೆ ಉಳಿದುಕೊಂಡಿದೆ. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆರೆಗಳ ನಡುವಿನ ಕಾಲುವೆಗಳ ಮೇಲೆ ಚಪ್ಪಡಿ ಬಂತು, ಚಪ್ಪಡಿಯ ಮೇಲೆ ಡಾಂಬರು ಬಂತು, ಡಾಂಬರಿನ ಅಕ್ಕಪಕ್ಕ ಮನೆಗಳು ಬಂದವು.

ಅಂಥದ್ದೊಂದು ಮನೆ ನಮ್ಮದು.

ಅಪ್ಪ ಕೊಂಡ ಈ ಮನೆಗೆ ದೊಡ್ಡ ಮಳೆ ಬಂದಾಗಲೆಲ್ಲ ನೀರು ನುಗ್ಗುತ್ತದೆ. ಮಾರಿದವರು ಅಪ್ಪನಿಗೆ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಅನಿಸಿರಲಿಕ್ಕಿಲ್ಲ. ಅಮ್ಮ ಅಕ್ಕಿ ಡಬ್ಬಗಳನ್ನು ಮೊದಲಿನಿಂದಲೂ ಎರಡನೆಯ ಹಲಗೆಯ ಮೇಲೇ ಇಡುತ್ತಾಳೆ. ಅಪ್ಪ ಹೋದ ಮೇಲೆ ಅಣ್ಣ, ನಾನು, ಅಮ್ಮ ಮಾತಾಡಿ ಮನೆ ಮಾರುವುದೆಂದಾಯಿತು. ಅಮ್ಮನಿಗೆ ಈಗ ಎಪ್ಪತ್ತನಾಲ್ಕು, ಮಂಡಿ ಸವೆದಿದೆ. ಮಳೆಗಾಲದ ರಾತ್ರಿಗಳಲ್ಲಿ ಅವಳನ್ನು ಮಂಚದ ಮೇಲೆ ಕೂರಿಸಿ ಬಕೆಟ್ಟು ಹಿಡಿಯುವುದು ಇನ್ನು ಸಾಕಾಗಿತ್ತು.

ಕೊಳ್ಳಲು ಬಂದ ದಂಪತಿ ಒಳ್ಳೆಯವರು. ಗೋಡೆ ತಟ್ಟಿದರು, ಬಾವಿ ನೋಡಿದರು. ಕಡೆಗೆ ಆಕೆ ಕೇಳಿದರು, ‘ಮಳೆಗಾಲದಲ್ಲಿ ಏನೂ ತೊಂದರೆ ಇಲ್ಲವಲ್ಲ?’ ಅಣ್ಣ ‘ಒಂದೇ ಒಂದು ಸಲ, ಎಷ್ಟೋ ವರ್ಷದ ಹಿಂದೆ’ ಎಂದ. ಅವನ ಮಗಳ ಓದಿಗೆ ಈ ದುಡ್ಡು ಬೇಕಿತ್ತು, ಅದು ನನಗೆ ಗೊತ್ತಿತ್ತು. ಆದರೆ ಆ ಬೀದಿಯನ್ನು ನಾನು ನೂರಾರು ಬೆಳಗು ಓಡಿದ್ದೇನೆ. ಎರಡೂ ಬದಿಯ ಇಳಿಜಾರು ನಮ್ಮ ಗೇಟಿನ ಮುಂದೆಯೇ ಬಂದು ಕೂಡುತ್ತದೆ. ಅದರಾಚೆ ಕೆರೆಯವರೆಗೂ ನೆಲ ಕೆಳಕ್ಕೇ ಹೋಗುತ್ತದೆ. ಇದು ಗೊತ್ತಿದ್ದೂ ಸುಮ್ಮನಿರಲು ನನ್ನ ಕೈಲಾಗಲಿಲ್ಲ. ‘ಬರುತ್ತದೆ. ದೊಡ್ಡ ಮಳೆಗೆ ಮೊಣಕಾಲಿನವರೆಗೆ. ಇದು ಹಿಂದೆ ಕಾಲುವೆಯ ದಂಡೆ’ ಎಂದೆ.

ಅವರು ಬೆಲೆ ಇಳಿಸಿದರು, ಆದರೆ ಕೊಂಡರು. ಹಳೆಯದನ್ನು ಕೆಡವಿ, ಕೆಳಗೆ ಕಂಬ ನಿಲ್ಲಿಸಿ ಮೇಲೆ ನಾಲ್ಕು ಅಂತಸ್ತು ಎಬ್ಬಿಸುತ್ತಾರಂತೆ. ಆಗ ನೀರು ಕಾರುಗಳಿಗೆ ನುಗ್ಗುತ್ತದೆ, ಇಲ್ಲವೇ ಪಕ್ಕದ ಮನೆಗೆ. ನಾನು ಹೇಳಿದ ನಿಜದಿಂದ ನೀರಿಗಂತೂ ಏನೂ ಆಗಲಿಲ್ಲ. ಅಣ್ಣ ಎರಡು ತಿಂಗಳಿಂದ ನನಗೆ ಫೋನ್ ಮಾಡಿಲ್ಲ. ಅಮ್ಮನಿಗೆ ಮಾಡುತ್ತಾನೆ. ನಾನು ಪಕ್ಕದಲ್ಲಿದ್ದರೆ ಅವಳು ಸ್ಪೀಕರ್ ಹಾಕುತ್ತಾಳೆ, ನಾನು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತೇನೆ. ಅವನೂ ಅದು ಗೊತ್ತಿದ್ದೇ ಮಾತಾಡುತ್ತಾನೆ ಎಂದು ನನ್ನ ಗುಮಾನಿ.

ನೀವು ಕೇಳಬಹುದು, ಕಾಲುವೆ ಮುಚ್ಚಿ ಅರ್ಧ ಊರೇ ಕಟ್ಟಿರುವಾಗ ಒಬ್ಬಳು ಒಂದು ಮನೆಯ ಬಗ್ಗೆ ನಿಜ ಹೇಳಿ ಏನು ಬಂತು ಎಂದು. ಲೆಕ್ಕ ಹಾಕಿದರೆ ನಷ್ಟವೇ. ಅಪ್ಪನಿಗೆ ಯಾರಾದರೂ ಹೇಳಿದ್ದರೆ ಅವರೂ ಬಹುಶಃ ಕೊಳ್ಳುತ್ತಿದ್ದರು, ಬಸವನಗುಡಿಯ ಮೋಹ ಅಂಥದ್ದು. ಆದರೆ ಅಡಿಪಾಯವನ್ನು ಎರಡಡಿ ಎತ್ತರಿಸುತ್ತಿದ್ದರು. ಅಮ್ಮನ ಅಷ್ಟು ವರ್ಷದ ಮಳೆಗಾಲಗಳು ಬೇರೆಯಾಗಿರುತ್ತಿದ್ದವು. ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ವ್ಯತ್ಯಾಸ ಕೆಲವೊಮ್ಮೆ ಎರಡೇ ಅಡಿ.

ಈಗ ಕನಕಪುರ ರಸ್ತೆಯ ಕಡೆ ಮೂರನೆಯ ಮಹಡಿಯಲ್ಲೊಂದು ಬಾಡಿಗೆ ಫ್ಲ್ಯಾಟು ಗೊತ್ತಾಗಿದೆ. ಲಿಫ್ಟು ಇದೆ, ತುರಹಳ್ಳಿ ಕಾಡು ಹತ್ತಿರ. ಅಲ್ಲಿ ನೀಲಗಿರಿ ನೆಟ್ಟಿದ್ದ ನೆಲದಲ್ಲಿ ಕುರುಚಲು ಕಾಡು ತನ್ನಷ್ಟಕ್ಕೆ ತಾನೇ ತಲೆಯೆತ್ತುತ್ತಿದೆ, ನವಿಲುಗಳಿವೆ. 2021ರಲ್ಲಿ ಅದನ್ನು ವೃಕ್ಷೋದ್ಯಾನ ಮಾಡುವ ಮಾತು ಬಂದಾಗ ಸುತ್ತಲಿನ ಜನ ‘ಕಾಡನ್ನು ಕಾಡಾಗಿಯೇ ಬಿಡಿ’ ಎಂದು ಬೀದಿಗಿಳಿದಿದ್ದರು. ಬಸವನಗುಡಿಯ ನೆರಳು ನೆಟ್ಟವರದ್ದು. ಈ ಕಾಡಿಗೆ ಬೇಕಿರುವುದು ಸುಮ್ಮನೆ ಬಿಟ್ಟುಬಿಡುವವರು.

ಮೂರು ಭಾನುವಾರ ಅಲ್ಲಿ ಓಡಿ ಬಂದೆ. ಅಮ್ಮ ನನ್ನ ಓಟಗಳನ್ನು ಕುರ್ಚಿಯಲ್ಲಿ ಕೂತೇ ಓಡುವವಳು, ವರದಿ ಒಪ್ಪಿಸಲೇಬೇಕು. ನವಿಲು, ಬಂಡೆ, ಹೊಂಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಬೇರೆ: ‘ನಾವು ಹೋಗುವ ಕಟ್ಟಡ ಇಳಿಜಾರಿನ ಮೇಲಿದೆಯೋ, ಕೆಳಗಿದೆಯೋ?’ ಮೂರನೆಯ ಮಹಡಿ ಅಮ್ಮ, ನೀರು ಬರಲ್ಲ ಎಂದೆ. ‘ನಮಗಲ್ಲ ಕಣೆ, ಕೆಳಗಿನ ಮನೆಯವರಿಗೆ’ ಎಂದಳು.